ನಿಮಗಿದು ಗೊತ್ತೇ? ಶಾಲೆಗೆ ಬನ್ನಿ, ಮತಗಟ್ಟೆಗೆ ಬೇಡ ಎಂದ ಸರ್ ಪೊನ್ನಂಬಲಂ ರಾಮನಾಥನ್

ಬರ್ನಾರ್ಡ್ ಷಾ ನಾಟಕಗಳಲ್ಲಿ ಬಣ್ಣ ಹಚ್ಚಿದ, ಕವಿ ಯೇಟ್ಸ್‌ಗೆ ಆಪ್ತ ಗೆಳತಿಯಾಗಿದ್ದ ಲಂಡನ್ ನಟಿಯೊಬ್ಬಳು ತನ್ನ ಕೊನೆಯ ವರ್ಷಗಳನ್ನು ಕಳೆದದ್ದು ಜಾಫ್ನಾದಲ್ಲಿ, ತಮಿಳು ಹುಡುಗಿಯರ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ. ನಿಮಗಿದು ಗೊತ್ತೇ? ಆ ಶಾಲೆ ಕಟ್ಟಿಸಿದವರೇ ಮುಂದೆ ಹೆಂಗಸರಿಗೆ ಓಟು ಕೊಡಬೇಡಿ ಎಂದು ಬ್ರಿಟಿಷರ ಮುಂದೆ ವಾದಿಸಿದರು. ಅದು ಗೊತ್ತೇ? ಆ ಮನುಷ್ಯನನ್ನು ಕೂರಿಸಿದ ಸಾರೋಟಿನ ಕುದುರೆಗಳನ್ನು ಬಿಚ್ಚಿ, ಸಿಂಹಳೀಯರು ತಾವೇ ನೊಗ ಹಿಡಿದು ಎಳೆದರಂತೆ. ತಮಿಳನೊಬ್ಬನನ್ನು, ಕೊಲಂಬೊದ ಬೀದಿಯಲ್ಲಿ!

ಹೆಸರು ಪೊನ್ನಂಬಲಂ ರಾಮನಾಥನ್. ಹುಟ್ಟಿದ್ದು 1851ರ ಏಪ್ರಿಲ್ 16, ಕೊಲಂಬೊದಲ್ಲಿ. ತೀರಿಕೊಂಡದ್ದು 1930ರ ನವೆಂಬರ್ 26. ಶ್ರೀಲಂಕಾ ಆಗ ಸಿಲೋನ್. ನಮ್ಮಲ್ಲಿ ಹಳೆಯ ತಲೆಮಾರಿನವರಿಗೆ ಆ ಹೆಸರು ಕೇಳಿದರೆ ರೇಡಿಯೊ ನೆನಪಾಗುತ್ತದೆ, ರಾಜಕಾರಣಿಗಳಲ್ಲ. ಅದಕ್ಕೇ ಈ ಸಲದ ಅಂಕಣ ಸಮುದ್ರ ದಾಟಿದೆ.

ಮನೆತನದಿಂದಲೇ ಶುರು ಮಾಡೋಣ. ಸಿಲೋನಿನ ಶಾಸನಸಭೆ ಹುಟ್ಟಿದ್ದು 1833ರಲ್ಲಿ. ಅದರಲ್ಲಿ ತಮಿಳರ ಪರವಾಗಿ ಮೊದಲು ಕೂತವರು ರಾಮನಾಥನ್ ಅವರ ತಾಯಿಯ ತಂದೆ. ಆಮೇಲೆ ಸೋದರಮಾವ ಮುತ್ತು ಕುಮಾರಸ್ವಾಮಿ. ಆಮೇಲೆ ಸ್ವತಃ ರಾಮನಾಥನ್. ಆಮೇಲೆ ಅವರ ಅಣ್ಣ. ಕುಟುಂಬ ರಾಜಕಾರಣ ನಮ್ಮ ಕಾಲದ ಕಾಯಿಲೆ ಎಂದು ಯಾರಾದರೂ ಗೊಣಗಿದರೆ ಈ ಪಟ್ಟಿ ತೋರಿಸಬಹುದು. ಚುನಾವಣೆಯ ಗೊಡವೆಯೂ ಇರಲಿಲ್ಲ. ಗವರ್ನರ್ ನಾಮಕರಣ ಮಾಡಿದರೆ ಮುಗಿಯಿತು.

ಆ ಸೋದರಮಾವ 1863ರಲ್ಲಿ ಲಂಡನ್ನಿನಲ್ಲಿ ಒಂದು ತಮಿಳು ನಾಟಕವನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದರು. ಯಾವ ನಾಟಕ? ನಮ್ಮ ರಾಘವಾಂಕ ಕಾವ್ಯ ಮಾಡಿದ ಅದೇ ಸತ್ಯ ಹರಿಶ್ಚಂದ್ರನ ಕಥೆ. ಅವರ ಮಗ ಇನ್ನೂ ಪ್ರಸಿದ್ಧ. ಭಾರತೀಯ ಶಿಲ್ಪ, ನಟರಾಜನ ನೃತ್ಯ ಎಂದ ಕೂಡಲೇ ಉಲ್ಲೇಖಿಸುವ ಆನಂದ ಕುಮಾರಸ್ವಾಮಿ. ಅಂದರೆ ನಮ್ಮ ರಾಮನಾಥನ್ ಆನಂದರ ಸೋದರತ್ತೆಯ ಮಗ.

ಹುಡುಗ ಓದಿದ್ದು ಕೊಲಂಬೊ ಅಕಾಡೆಮಿಯಲ್ಲಿ, ಅಂದರೆ ಇಂದಿನ ರಾಯಲ್ ಕಾಲೇಜಿನಲ್ಲಿ. ಅಲ್ಲಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ವಾಪಸು ಬಂದು ಕಾನೂನು. 1874ರಲ್ಲಿ ವಕೀಲಿ ಶುರು. ಸಿಲೋನಿನ ಹಳೆಯ ತೀರ್ಪುಗಳನ್ನು ಒಟ್ಟುಗೂಡಿಸಿ ಅವರು ಹೊರತಂದ ಸಂಪುಟಗಳನ್ನು ಅಲ್ಲಿನ ವಕೀಲರು 'ರಾಮನಾಥನ್ ರಿಪೋರ್ಟ್ಸ್' ಎಂದೇ ಕರೆಯುತ್ತಾರೆ.

1879ರಲ್ಲಿ ಸೋದರಮಾವ ತೀರಿಕೊಂಡು ಶಾಸನಸಭೆಯ ತಮಿಳು ಸ್ಥಾನ ಖಾಲಿಯಾಯಿತು. ಇನ್ನೊಬ್ಬ ಹುರಿಯಾಳು ಕ್ರಿಸ್ಟೋಫರ್ ಬ್ರಿಟೊ ಎಂಬ ಕ್ರೈಸ್ತ ವಕೀಲ. ಆಗ ಜಾಫ್ನಾದಲ್ಲಿ ಸಭೆ ಕರೆದು ಇಪ್ಪತ್ತೆಂಟರ ರಾಮನಾಥನ್ ಬೆನ್ನಿಗೆ ನಿಂತವರು ಯಾರು ಗೊತ್ತೇ? ಆರುಮುಗ ನಾವಲರ್. ಮಿಷನರಿಗಳಿಗೆ ಮಿಷನರಿಗಳ ದಾರಿಯಲ್ಲೇ ಉತ್ತರ ಕೊಡಬೇಕು, ಅವರು ಶಾಲೆ ತೆರೆದರೆ ನಾವೂ ತೆರೆಯಬೇಕು, ಅವರು ಪುಸ್ತಕ ಅಚ್ಚು ಹಾಕಿದರೆ ನಾವೂ ಹಾಕಬೇಕು ಎಂದು 1848ರಲ್ಲೇ ವಣ್ಣಾರ್‌ಪಣ್ಣೆಯಲ್ಲಿ ಶೈವ ಶಾಲೆ ಆರಂಭಿಸಿದ್ದ ವಿದ್ವಾಂಸ. 1879ರ ಡಿಸೆಂಬರಿನಲ್ಲಿ ನಾವಲರ್ ತೀರಿಕೊಂಡರು. ಅವರ ಕೆಲಸ ರಾಮನಾಥನ್ ಹೆಗಲಿಗೆ ಬಂತು. ಹೆಗಲು ಅದನ್ನು ಹೊರಲು ಶುರು ಮಾಡಿದ್ದು ಮಾತ್ರ ಮೂವತ್ತು ವರ್ಷ ತಡವಾಗಿ.

ಬುದ್ಧ ಪೂರ್ಣಿಮೆ, ಅಲ್ಲಿನವರ ವೆಸಾಕ್, ಸಿಲೋನಿನಲ್ಲಿ ಸರ್ಕಾರಿ ರಜೆಯಾದದ್ದು 1885ರಲ್ಲಿ. ಥಿಯಾಸಫಿಯ ಕರ್ನಲ್ ಆಲ್ಕಾಟ್ ಹೊರಗಡೆ ಓಡಾಡಿದರು. ಸಭೆಯ ಒಳಗೆ ಬೌದ್ಧರ ಪರ ದನಿ ಎತ್ತಿದವರು ಈ ಶೈವ ತಮಿಳ. ಬೌದ್ಧ ಧ್ವಜ ಮೊದಲು ಹಾರಿದ್ದೂ ಅದೇ ವರ್ಷದ ವೆಸಾಕ್ ದಿನ.

ಅದೇ ವರ್ಷ ಒಂದು ಎಡವಟ್ಟೂ ಆಯಿತು. ಸಿಲೋನಿನ ಮುಸ್ಲಿಮರು ಬೇರೆ ಜನಾಂಗವೇನಲ್ಲ, ಮತಾಂತರಗೊಂಡ ತಮಿಳರು ಎಂದು ರಾಮನಾಥನ್ ಸಭೆಯಲ್ಲಿ ಹೇಳಿದರು. 1888ರಲ್ಲಿ ಅದನ್ನೇ ಏಷ್ಯಾಟಿಕ್ ಸೊಸೈಟಿಯಲ್ಲಿ ಪ್ರಬಂಧವಾಗಿ ಓದಿದರು. ಮುಸ್ಲಿಮರು ಅದನ್ನು ಪಾಂಡಿತ್ಯವೆಂದು ಓದಲಿಲ್ಲ. ನಮ್ಮನ್ನು ತಮಿಳರೆಂದು ಕರೆದು ನಮ್ಮ ಪಾಲಿನ ಕುರ್ಚಿಯನ್ನೂ ತಾವೇ ಇಟ್ಟುಕೊಳ್ಳುವ ಹುನ್ನಾರ ಎಂದುಕೊಂಡರು. 1889ರಲ್ಲಿ ಮುಸ್ಲಿಮರಿಗೆ ಸಭೆಯಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿತು. ಪ್ರಬಂಧಕ್ಕೆ ಉತ್ತರವಾಗಿ ಅಬ್ದುಲ್ ಅಜೀಜ್ ಎಂಬವರು ಒಂದು ಪುಸ್ತಕವನ್ನೇ ಬರೆದರು, 1907ರಲ್ಲಿ. ಹತ್ತೊಂಬತ್ತು ವರ್ಷ ಆರದ ಸಿಟ್ಟು.

ಬೈಬಲ್ಲಿಗೆ ಶೈವ ಸಿದ್ಧಾಂತದ ವ್ಯಾಖ್ಯಾನ ಬರೆದವರೂ ಇವರೇ. ತಂಜಾವೂರಿನ ಅರುಳ್‌ಪರಾನಂದ ಸ್ವಾಮಿಗಳು ಅವರ ಗುರು. ಆ ಹೆಸರಿನಿಂದ 'ಪರಾನಂದ' ಎಂಬುದನ್ನು ತೆಗೆದುಕೊಂಡು, 'ಶ್ರೀ ಪರಾನಂದ' ಎಂಬ ಅಂಕಿತದಲ್ಲಿ ಮತ್ತಾಯನ ಸುವಾರ್ತೆಗೂ (1898) ಯೋಹಾನನ ಸುವಾರ್ತೆಗೂ (1902) ಭಾಷ್ಯ ಹೊರಬಂತು. ಸರ್ಕಾರದ ಸಾಲಿಸಿಟರ್ ಜನರಲ್ ಹುದ್ದೆಯಲ್ಲಿ ಕೂತು, ಹಗಲು ಕ್ರಿಮಿನಲ್ ಮೊಕದ್ದಮೆ ನಡೆಸಿ, ರಾತ್ರಿ ಯೇಸುವಿನ ಮಾತಿಗೆ ಯೋಗದ ಅರ್ಥ ಹಚ್ಚುವ ಅಧಿಕಾರಿ! ಮಿಷನರಿಗಳಿಗೆ ಇದಕ್ಕಿಂತ ತಣ್ಣಗಿನ ತಿರುಗೇಟು ಕೊಡಲು ಸಾಧ್ಯವಿರಲಿಲ್ಲ ಎನ್ನುವುದು ನನ್ನ ಅನಿಸಿಕೆ. ನಿಮ್ಮ ಗ್ರಂಥವೇ ನಿಮಗೆ ಅರ್ಥವಾಗಿಲ್ಲ, ಕೊಡಿ ನಾನು ಹೇಳಿಕೊಡುತ್ತೇನೆ ಎಂದಂತೆ.

ಆ ಪುಸ್ತಕಗಳನ್ನು ಸಂಪಾದಿಸಿದ ಆರ್. ಎಲ್. ಹ್ಯಾರಿಸನ್ ಆಸ್ಟ್ರೇಲಿಯಾದ ಮಹಿಳೆ. ಅಧ್ಯಾತ್ಮ ಹುಡುಕಿಕೊಂಡು ಬಂದವರು ಶಿಷ್ಯೆಯಾದರು, ಕಾರ್ಯದರ್ಶಿಯಾದರು, ಕೊನೆಗೆ ಲೀಲಾವತಿ ಎಂಬ ಹೆಸರಿನಲ್ಲಿ ರಾಮನಾಥನ್ ಅವರ ಎರಡನೆಯ ಹೆಂಡತಿಯಾದರು. ಜಾಫ್ನಾದ ಶಾಲೆಗಳ ಕಥೆಯಲ್ಲಿ ಈ 'ಲೇಡಿ ರಾಮನಾಥನ್' ಹೆಸರು ಮತ್ತೆ ಮತ್ತೆ ಬರುತ್ತದೆ.

1905-06ರಲ್ಲಿ ಅಮೆರಿಕ ಪ್ರವಾಸ. ನ್ಯೂಯಾರ್ಕಿನ ಮೈರನ್ ಫೆಲ್ಪ್ಸ್ ಎಂಬ ವಕೀಲರು ಇವರ ಅಭಿಮಾನಿ. ಅಲ್ಲಿ ಕೊಟ್ಟ ಉಪನ್ಯಾಸಗಳು 1906ರಲ್ಲಿ ಪುಸ್ತಕವಾದವು. ಅದೇ ವರ್ಷ ಸಾಲಿಸಿಟರ್ ಜನರಲ್ ಕುರ್ಚಿಗೆ ವಿದಾಯ.

ಆ ಪ್ರವಾಸಕ್ಕೆ ಸ್ವಲ್ಪ ಮೊದಲು, 1904ರ ಸೆಪ್ಟೆಂಬರ್. ಕೊಲಂಬೊದ ಬೌದ್ಧರ ಆನಂದ ಕಾಲೇಜಿನಲ್ಲಿ ಭಾಷಣ. ಎದುರಿಗೆ ಕೋಟು ಟೈ ತೊಟ್ಟ ಸಿಂಹಳ ಗಣ್ಯರು. ಅವರಿಗೆಲ್ಲ ರಾಮನಾಥನ್ ಕಿವಿ ಹಿಂಡಿದರು: ನಿಮ್ಮ ತುಟಿಯ ಮೇಲೆ ಸಿಂಹಳ ಭಾಷೆಯೇ ಇಲ್ಲದಿದ್ದರೆ ಅದನ್ನು ಇನ್ಯಾರು ಆಡಬೇಕು ಎಂಬರ್ಥದ ಮಾತು. ತಮಿಳನೊಬ್ಬ ಸಿಂಹಳೀಯರಿಗೆ ಸಿಂಹಳ ಅಭಿಮಾನದ ಪಾಠ ಹೇಳಿದ ಈ ಭಾಷಣ ಮುಂದಿನ ಅರ್ಧ ಶತಮಾನದ ಚರಿತ್ರೆ ಬಲ್ಲವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. 1956ರಲ್ಲಿ ಅದೇ ಸಿಂಹಳ ಏಕೈಕ ಅಧಿಕೃತ ಭಾಷೆಯಾಗಿ ತಮಿಳರ ತಲೆಯ ಮೇಲೆ ಬಂದು ಕೂತಿತಲ್ಲ! ಅಂದಹಾಗೆ, ರಾಮನಾಥನ್ ಆ ಬುದ್ಧಿಮಾತು ಹೇಳಿದ್ದು ಇಂಗ್ಲಿಷಿನಲ್ಲಿ.

ಸಿಲೋನಿನಲ್ಲಿ ಇಡೀ ದ್ವೀಪಕ್ಕೆ ಅನ್ವಯಿಸುವ ಮೊದಲ ಚುನಾವಣೆ ನಡೆದದ್ದು 1911ರಲ್ಲಿ. ಇಡೀ ದ್ವೀಪ ಎಂದರೆ ಲಕ್ಷಗಟ್ಟಲೆ ಮತದಾರರು ಎಂದುಕೊಳ್ಳಬೇಡಿ. 'ವಿದ್ಯಾವಂತ ಸಿಲೋನೀಯರು' ಎಂಬ ಒಂದೇ ಒಂದು ಸ್ಥಾನ, ಸುಮಾರು ಮೂರು ಸಾವಿರ ಮತದಾರರು. ಅವರಲ್ಲಿ ಹೆಚ್ಚಿನವರು ಸಿಂಹಳೀಯರು. ಎದುರಾಳಿ ಡಾ. ಮಾರ್ಕಸ್ ಫರ್ನಾಂಡೊ, ಹೆಸರಾಂತ ಸಿಂಹಳ ವೈದ್ಯ. ಗೆದ್ದವರು ತಮಿಳ ರಾಮನಾಥನ್, 1,645ಕ್ಕೆ 981.

ಭಾಷಾ ಸೌಹಾರ್ದ ಎಂದು ಇದಕ್ಕೆ ಹಾರ ಹಾಕುವ ಮೊದಲು ಒಳಗಿನ ಲೆಕ್ಕ ನೋಡಿ. ಫರ್ನಾಂಡೊ ಕರಾವ ಜಾತಿ, ಮೂಲತಃ ಕಡಲತಡಿಯ ಮೀನುಗಾರರು, ವ್ಯಾಪಾರದಲ್ಲಿ ದುಡ್ಡು ಮಾಡಿ ಮೇಲೆ ಬಂದವರು. ಸಿಂಹಳೀಯರಲ್ಲಿ ಭೂಮಿ ಹಿಡಿದ ದೊಡ್ಡ ಜಾತಿ ಗೊವಿಗಮ. ತಮಿಳರಲ್ಲಿ ಅದಕ್ಕೆ ಸಮನಾದದ್ದು ವೆಳ್ಳಾಳ, ರಾಮನಾಥನ್ ಅವರ ಜಾತಿ. ಕರಾವನನ್ನು ಕೂರಿಸುವುದಕ್ಕಿಂತ ವೆಳ್ಳಾಳ ತಮಿಳನೇ ವಾಸಿ ಎಂದು ಗೊವಿಗಮ ಗಣ್ಯರು ಓಟು ಒತ್ತಿದರು. ಕರ್ನಾಟಕದ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಶಾಲೆಯ ವಿಷಯ. ಜಾಫ್ನಾಕ್ಕೆ ಅಮೆರಿಕನ್ ಮಿಷನರಿಗಳು ಬಂದದ್ದು 1816ರಲ್ಲಿ. 1824ಕ್ಕೇ ಉಡುವಿಲ್ ಎಂಬ ಊರಿನಲ್ಲಿ ಹುಡುಗಿಯರಿಗೆ ವಸತಿ ಶಾಲೆ ತೆರೆದಿದ್ದರು. ಏಷ್ಯಾದಲ್ಲೇ ಅತಿ ಹಳೆಯ ಅಂಥ ಶಾಲೆಗಳಲ್ಲಿ ಅದೂ ಒಂದು. ಅಂದರೆ ಮಗಳನ್ನು ಓದಿಸಬೇಕೆಂದಿದ್ದ ಶೈವ ತಂದೆಗೆ ಎರಡು ತಲೆಮಾರಿಗೂ ಹೆಚ್ಚು ಕಾಲ ಹತ್ತಿರದಲ್ಲಿ ಇದ್ದದ್ದು ಶಿಲುಬೆಯ ಕೆಳಗಿನ ಶಾಲೆ. ಮಗಳು ಓದಬೇಕು, ಆದರೆ ವಿಭೂತಿ ಬಿಡಬಾರದು ಎನ್ನುವವನು ಎಲ್ಲಿಗೆ ಹೋಗಬೇಕು? ರಾಮನಾಥನ್ ಕೊಟ್ಟ ಉತ್ತರ: ಉಡುವಿಲ್ ಪಕ್ಕದಲ್ಲೇ, ಮರುದನಾರ್‌ಮಡಂನಲ್ಲಿ, ಸ್ವಂತ ಹಣದಿಂದ ಶೈವ ಹುಡುಗಿಯರಿಗೆ ವಸತಿ ಕಾಲೇಜು. 1913ರ ಜನವರಿಯಲ್ಲಿ ಅದು ಶುರುವಾದಾಗ ಅವರಿಗೆ ಅರವತ್ತೊಂದು.

ಮಿಷನರಿಗಳ ಶಾಲೆಗೆ ಸಡ್ಡು ಹೊಡೆಯಲು ತೆರೆದ ಆ ಶಾಲೆಗೆ ಮೊದಲ ಹೆಡ್‌ಮಿಸ್ಟ್ರೆಸ್ ಒಬ್ಬ ಇಂಗ್ಲಿಷ್ ಮಹಿಳೆ! ಫ್ಲಾರೆನ್ಸ್ ಫಾರ್. ಲಂಡನ್ ರಂಗಭೂಮಿಯಲ್ಲಿ ಇಬ್ಸನ್ನನ ಹೊಸ ಹೆಣ್ಣುಗಳನ್ನು ಮೊದಲು ಅಭಿನಯಿಸಿದವರ ಸಾಲಿನವಳು. ಷಾ ಬರೆದ ಮೊತ್ತಮೊದಲ ನಾಟಕದಲ್ಲಿ, 1892ರಲ್ಲಿ, ನಾಯಕಿ. 1894ರಲ್ಲಿ 'ಆರ್ಮ್ಸ್ ಆಂಡ್ ದ ಮ್ಯಾನ್' ರಂಗಕ್ಕೆ ಬಂದದ್ದು ಅವಳದೇ ರಂಗಸಾಹಸದಲ್ಲಿ. ಗಂಡನನ್ನು ಬಿಟ್ಟವಳು, ಷಾನ ಪ್ರೇಯಸಿಯಾಗಿದ್ದವಳು, ಯೇಟ್ಸ್ ಜೊತೆ ಮಂತ್ರ ತಂತ್ರದ ಗುಪ್ತಸಂಘದಲ್ಲಿ ಇದ್ದವಳು. ಮಗಳಿಗೆ ಶೈವ ಸಂಸ್ಕಾರ ಬೇಕೆಂದು ಆ ಶಾಲೆಗೆ ಕಳಿಸಿದ ಜಾಫ್ನಾದ ಅಪ್ಪಂದಿರಿಗೆ ಹೆಡ್‌ಮಿಸ್ಟ್ರೆಸ್ಸಿನ ಈ ಪೂರ್ವಾಶ್ರಮ ತಿಳಿದಿದ್ದರೆ ಎಷ್ಟು ಮಂದಿ ಪೆಟ್ಟಿಗೆ ಕಟ್ಟಿಸಿ ಮಗಳನ್ನು ಮನೆಗೆ ಕರೆತರುತ್ತಿದ್ದರೋ!

ರಾಮನಾಥನ್ ಲಂಡನ್ನಿಗೆ ಹೋದಾಗ ಇವರಿಬ್ಬರ ಪರಿಚಯ. ಶಾಲೆ ತೆರೆಯುತ್ತೇನೆ, ನೀವು ಬರಬೇಕು ಎಂಬ ಮಾತುಕತೆ ನಡೆದಿತ್ತು. ಐವತ್ತು ದಾಟಿದ ಮೇಲೆ, 1912ರಲ್ಲಿ, ಫ್ಲಾರೆನ್ಸ್ ಇದ್ದದ್ದನ್ನೆಲ್ಲ ವಿಲೇವಾರಿ ಮಾಡಿ ಹಡಗು ಹತ್ತಿದಳು. ಷಾ ಮತ್ತು ಯೇಟ್ಸ್ ತನಗೆ ಬರೆದ ಪತ್ರಗಳನ್ನು ಒಂದು ಕಪ್ಪು ಪೆಟ್ಟಿಗೆಯಲ್ಲಿ ಹಾಕಿ, ನಾನು ಸತ್ತ ಮೇಲೆ ತೆರೆ ಎಂದು ಕ್ಲಿಫರ್ಡ್ ಬ್ಯಾಕ್ಸ್ ಎಂಬ ಲೇಖಕನ ಕೈಗೆ ಕೊಟ್ಟಿದ್ದಳು. ಆ ಪತ್ರಗಳು 1940ರ ದಶಕದ ಆರಂಭದಲ್ಲಿ ಅಚ್ಚಾದವು. ಜಾಫ್ನಾದಿಂದ ಅವಳು ಮತ್ತೆ ಲಂಡನ್ನಿಗೆ ಮರಳಲಿಲ್ಲ. ಸ್ತನದ ಕ್ಯಾನ್ಸರ್. 1917ರ ಏಪ್ರಿಲ್ 29ರಂದು ಕೊಲಂಬೊದ ಆಸ್ಪತ್ರೆಯಲ್ಲಿ ಸಾವು. ಹಿಂದೂಗಳಂತೆ ದಹನ ಮಾಡಿ, ಬೂದಿಯನ್ನು ನದಿಗೆ ಬಿಟ್ಟವರು ರಾಮನಾಥನ್. ಯೇಟ್ಸ್‌ನ 'ಆಲ್ ಸೋಲ್ಸ್ ನೈಟ್' ಕವಿತೆಯಲ್ಲಿ ಫ್ಲಾರೆನ್ಸ್ ಬರುತ್ತಾಳೆ. ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಆ ಕವಿತೆ ಓದಿದವರು ಜಾಫ್ನಾವನ್ನು ದಾಟಿಯೇ ಹೋಗಿರುತ್ತಾರೆ, ಗಮನಿಸಿರುವುದಿಲ್ಲ.

ಹುಡುಗಿಯರ ಕಾಲೇಜು ಮೊದಲು ಬಂತು, ಹುಡುಗರದ್ದು ಆಮೇಲೆ. ಇದು ಆ ಕಾಲಕ್ಕೆ ಸಣ್ಣ ಮಾತಲ್ಲ. ಹುಡುಗರಿಗಾಗಿ ಪರಮೇಶ್ವರ ಕಾಲೇಜು ತೆರೆದದ್ದು 1921ರಲ್ಲಿ, ಜಾಫ್ನಾ ಪಟ್ಟಣದ ಅಂಚಿನ ತಿರುನೆಲ್ವೇಲಿಯಲ್ಲಿ (ಹೌದು, ಅಲ್ಲೂ ಒಂದು ತಿರುನೆಲ್ವೇಲಿ ಇದೆ). ಮುಂದೊಂದು ದಿನ ಇದು ವಿಶ್ವವಿದ್ಯಾಲಯವಾಗಬೇಕು ಎಂಬ ಆಸೆ ಅವರದು. 1974ರಲ್ಲಿ ಸರ್ಕಾರ ಜಾಫ್ನಾದಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ತೆರೆದದ್ದು ಪರಮೇಶ್ವರ ಕಾಲೇಜಿನ ಜಾಗದಲ್ಲೇ. ಅವರು ಕಟ್ಟಿಸಿದ ಶಿವ ದೇವಾಲಯ ಈಗಲೂ ಜಾಫ್ನಾ ವಿಶ್ವವಿದ್ಯಾಲಯದ ಆವರಣದೊಳಗೇ ಇದೆ.

ದೇವಸ್ಥಾನ ಎಂದ ಮೇಲೆ ಇನ್ನೊಂದು. ಕೊಲಂಬೊದ ಕೊಚ್ಚಿಕಡೆಯಲ್ಲಿ ಅವರ ತಂದೆ ಕಟ್ಟಿಸಿದ್ದ ಪೊನ್ನಂಬಲವಾಣೇಶ್ವರ ದೇವಾಲಯವನ್ನು ಮಗ ಪೂರ್ತಿ ಬಿಚ್ಚಿ, ದಕ್ಷಿಣ ಭಾರತದ ಶಿಲ್ಪಿಗಳನ್ನು ಕರೆಸಿ, 1907ರಿಂದ 1912ರ ನಡುವೆ ಕರಿಕಲ್ಲಿನಲ್ಲಿ ಮತ್ತೆ ಎಬ್ಬಿಸಿದರು. ಬಂದರಿನ ಗಿಜಿಗಿಜಿಯ ನಡುವೆ ಅಪ್ಪಟ ದ್ರಾವಿಡ ಶೈಲಿಯ ಕಲ್ಲಿನ ಗುಡಿ.

ತಮ್ಮ ಸರ್ ಪೊನ್ನಂಬಲಂ ಅರುಣಾಚಲಂ ಕೂಡ ಕಡಿಮೆಯವರಲ್ಲ. ಕೇಂಬ್ರಿಡ್ಜಿನಲ್ಲಿ ಓದಿ, ಸ್ಪರ್ಧಾ ಪರೀಕ್ಷೆ ಬರೆದು ಸಿಲೋನ್ ಸಿವಿಲ್ ಸರ್ವೀಸಿಗೆ ಸೇರಿದ ಮೊದಲ ಸಿಲೋನೀಯ (1875). 1901ರ ಜನಗಣತಿ ಅವರದು. ನಮಗೊಂದು ವಿಶ್ವವಿದ್ಯಾಲಯ ಬೇಕು ಎಂದು 1906ರಲ್ಲಿ ಸಂಘ ಕಟ್ಟಿದರು, 1921ರಲ್ಲಿ ಯೂನಿವರ್ಸಿಟಿ ಕಾಲೇಜು ಬಂತು. 1919ರಲ್ಲಿ ಸಿಲೋನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟಿದಾಗ ಮೊದಲ ಅಧ್ಯಕ್ಷರೂ ಅವರೇ. ಎರಡೇ ವರ್ಷದಲ್ಲಿ, ತಮಿಳರಿಗೆ ಕೊಟ್ಟ ಮಾತು ತಪ್ಪಿದಿರಿ ಎಂದು ಹೊರನಡೆದರು. ತಮ್ಮ ಕೂಲಿಕಾರರ ಸಂಘ ಕಟ್ಟಲು ಹೊರಟವರು, ಅಣ್ಣ ಜಾತಿಯ ಮೆಟ್ಟಿಲಿನ ಕಾವಲುಗಾರ. ಒಂದೇ ಮನೆಯ ಒಂದೇ ಊಟ! ಪೇರಾದೆನಿಯ ವಿಶ್ವವಿದ್ಯಾಲಯದಲ್ಲಿ ಇಬ್ಬರ ಹೆಸರಿನಲ್ಲೂ ಒಂದೊಂದು ಹಾಸ್ಟೆಲ್ ಇದೆ.

ಇನ್ನು ಸಾರೋಟಿನ ಕಥೆ. 1915ರ ಮೇ ಕೊನೆ. ಕ್ಯಾಂಡಿಯ ಕಡೆ ಮಸೀದಿಯ ಮುಂದೆ ಬೌದ್ಧ ಮೆರವಣಿಗೆಯ ವಾದ್ಯದ ಜಗಳ ಹೊತ್ತಿಕೊಂಡು ಸಿಂಹಳ-ಮುಸ್ಲಿಂ ಗಲಭೆಯಾಯಿತು. ಸರ್ಕಾರದ ಲೆಕ್ಕದಲ್ಲಿ 25 ಮುಸ್ಲಿಮರ ಕೊಲೆ, 4,000ಕ್ಕೂ ಹೆಚ್ಚು ಅಂಗಡಿಗಳ ಲೂಟಿ. ಹೊರಗೆ ಮಹಾಯುದ್ಧ ನಡೆಯುತ್ತಿದೆ, ಇದು ಜರ್ಮನಿಯ ಪಿತೂರಿಯೇ ಇರಬೇಕೆಂಬ ಗುಮಾನಿ ಬ್ರಿಟಿಷರಿಗೆ. ಜೂನ್ 2ರಂದು ಮಾರ್ಷಲ್ ಲಾ. ಗಲಭೆ ನಿಂತ ಮೇಲೂ ಗುಂಡು ನಿಲ್ಲಲಿಲ್ಲ. ಇಪ್ಪತ್ತಾರು ವರ್ಷದ ಹೆನ್ರಿ ಪೆಡ್ರಿಸ್ ಎಂಬ ಶ್ರೀಮಂತ ತರುಣನನ್ನು ಜುಲೈ 7ರಂದು ಗುಂಡಿಟ್ಟು ಕೊಂದರು. ಜೈಲಿಗೆ ಹಾಕಿದವರಲ್ಲಿ ಸೇನಾನಾಯಕ ಸೋದರರಿದ್ದರು. ಅವರಲ್ಲೊಬ್ಬ ಡಿ. ಎಸ್. ಸೇನಾನಾಯಕ, ಮುಂದೆ ಸ್ವತಂತ್ರ ಸಿಲೋನಿನ ಮೊದಲ ಪ್ರಧಾನಿ.

ಆಗ ಗವರ್ನರ್ ಆಗಿದ್ದವರು ಯಾರು ಗೊತ್ತೇ? ಸರ್ ರಾಬರ್ಟ್ ಚಾಮರ್ಸ್, ಪಾಲಿ ಭಾಷೆಯ ಪಂಡಿತ. ಬುದ್ಧನ ಉಪದೇಶಗಳನ್ನು ಇಂಗ್ಲಿಷಿಗೆ ತಂದವರ ಸಾಲಿನಲ್ಲಿ ಅವರ ಹೆಸರಿದೆ. ಅಂಥವರ ಆಡಳಿತದಲ್ಲಿ ಬೌದ್ಧರ ಮೇಲೆ ಮಾರ್ಷಲ್ ಲಾ!

ಸಿಂಹಳ ಮುಂದಾಳುಗಳು ಒಳಗಿದ್ದಾಗ ಸಭೆಯಲ್ಲಿ ಅವರ ಪರ ಗುಡುಗಿದವರು ಅರವತ್ತನಾಲ್ಕು ವರ್ಷದ ರಾಮನಾಥನ್. ಅಧಿಕಾರಿಗಳ ಮುಖಕ್ಕೇ ಮೊಕದ್ದಮೆಯ ಶೈಲಿಯಲ್ಲಿ ಒಂದೊಂದೇ ಪ್ರಕರಣ ಬಿಡಿಸಿಟ್ಟರು. ಅಲ್ಲಿಗೇ ನಿಲ್ಲಿಸದೆ, ಜರ್ಮನ್ ಜಲಾಂತರ್ಗಾಮಿಗಳು ಹಡಗು ಮುಳುಗಿಸುತ್ತಿದ್ದ ಕಾಲದಲ್ಲಿ ಲಂಡನ್ನಿಗೆ ಹೋಗಿ ವಸಾಹತು ಕಚೇರಿಯ ಬಾಗಿಲು ತಟ್ಟಿದರು. 1916ರಲ್ಲಿ ಅಲ್ಲೇ 'ರಯಟ್ಸ್ ಆಂಡ್ ಮಾರ್ಷಲ್ ಲಾ ಇನ್ ಸಿಲೋನ್' ಎಂಬ ಪುಸ್ತಕ ಅಚ್ಚು ಹಾಕಿಸಿದರು. ಚಾಮರ್ಸ್ 1915ರ ಕೊನೆಗೇ ಸಿಲೋನ್ ಬಿಟ್ಟಾಗಿತ್ತು. ರಾಮನಾಥನ್ ಮರಳಿದಾಗ ಸಿಂಹಳೀಯರು ಕುದುರೆ ಬಿಚ್ಚಿ, ಬಂದರಿನಿಂದ ವಾರ್ಡ್ ಪ್ಲೇಸಿನ ಅವರ ಮನೆ 'ಸುಖಾಸ್ಥಾನ'ದವರೆಗೆ ಸಾರೋಟನ್ನು ತಾವೇ ಎಳೆದ ಕಥೆ ಶ್ರೀಲಂಕಾದಲ್ಲಿ ಇಂದಿಗೂ ಎರಡೂ ಕಡೆಯವರ ಬಾಯಲ್ಲಿದೆ. ನೋಡಿ ಆಗ ಹೇಗಿದ್ದೆವು ಎಂದು ಒಬ್ಬರು, ನೋಡಿ ಆಮೇಲೆ ಏನು ಕೊಟ್ಟಿರಿ ಎಂದು ಇನ್ನೊಬ್ಬರು.

ಮೂರನೆಯ ಕಡೆಯವರೂ ಇದ್ದಾರೆ. ಅಂಗಡಿ ಸುಟ್ಟುಕೊಂಡ ಮುಸ್ಲಿಮರು. ತಮಿಳು ಮಾತಾಡುವ ನಮ್ಮನ್ನು ತನ್ನವರೆಂದು ಹೇಳಿಕೊಂಡಿದ್ದ ನಾಯಕ, ಮನೆ ಉರಿದಾಗ ಹೊಡೆದವರ ವಕೀಲನಾದ ಎಂಬ ಕಹಿ ಅವರದು. ಆ ಸಾರೋಟಿನ ಕಥೆ ಹೇಳುವವರು ಇದನ್ನು ಹೇಳುವುದು ಕಡಿಮೆ.

1921ರಲ್ಲಿ ಬ್ರಿಟಿಷ್ ಸರ್ಕಾರ 'ಸರ್' ಪದವಿ ಕೊಟ್ಟಿತು. ಬೈದವರಿಗೂ ಬಿರುದು ಕೊಟ್ಟು ಸುಮ್ಮನಾಗಿಸುವ ಕಲೆ ಅವರಿಗೆ ಗೊತ್ತಿತ್ತು. ಇವರು ಸುಮ್ಮನಾಗಲಿಲ್ಲ, ಅಷ್ಟೇ.

1923ರಲ್ಲಿ ಶೈವ ವಿದ್ಯಾಭಿವೃದ್ಧಿ ಸಂಘ ಹುಟ್ಟಿತು. ಜನರ ಬಾಯಲ್ಲಿ 'ಹಿಂದೂ ಬೋರ್ಡ್'. ರಾಮನಾಥನ್ ಅಧ್ಯಕ್ಷರು. ಓಡಾಟವೆಲ್ಲ ಎಸ್. ರಾಜರತ್ನಂ ಅವರದು. ಹಳ್ಳಿಹಳ್ಳಿಗೆ ಹೋಗಿ ಶಾಲೆ ತೆರೆದು ತೆರೆದು 'ಹಿಂದೂ ಬೋರ್ಡ್ ರಾಜರತ್ನಂ' ಎಂಬುದೇ ಅವರ ಹೆಸರಾಯಿತು. ಸಂಘದ ಶಾಲೆಗಳು ನೂರು ದಾಟಿದವು. 1960ರಲ್ಲಿ ಪ್ರಧಾನಿ ಸಿರಿಮಾವೊ ಸರ್ಕಾರ ಅನುದಾನಿತ ಶಾಲೆಗಳನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿತು.

ಗಾಂಧೀಜಿ ಒಂದೇ ಒಂದು ಸಲ ಸಿಲೋನಿಗೆ ಹೋದದ್ದು 1927ರ ನವೆಂಬರಿನಲ್ಲಿ. ಖಾದಿ ನಿಧಿ ಸಂಗ್ರಹದ ಆ ಪ್ರವಾಸದಲ್ಲಿ ಜಾಫ್ನಾದ ರಾಮನಾಥನ್ ಕಾಲೇಜಿನ ಹುಡುಗಿಯರ ಮುಂದೆಯೂ ಮಾತಾಡಿದರು. ಅದೇ ತಿಂಗಳು ಕೊಲಂಬೊಕ್ಕೆ ಇನ್ನೊಂದು ತಂಡ ಬಂದಿಳಿಯಿತು: ಅರ್ಲ್ ಆಫ್ ಡೊನೊಮೋರ್ ನೇತೃತ್ವದ ಆಯೋಗ. ಸಿಲೋನಿಗೆ ಹೊಸ ಸಂವಿಧಾನ ಹೇಗಿರಬೇಕು ಎಂದು ಕೇಳಲು ಬಂದವರು.

ಆಯೋಗದ ಮುಂದೆ ಎಪ್ಪತ್ತಾರರ ರಾಮನಾಥನ್ ಹೇಳಿದ್ದೇನು? ಎಲ್ಲರಿಗೂ ಓಟು ಕೊಡುವುದು ದೊಡ್ಡ ತಪ್ಪು. ವೆಳ್ಳಾಳರಲ್ಲದ ಕೆಳಜಾತಿಗಳ ಕೈಗೆ ಮತ ಕೊಟ್ಟರೆ ಅದು ಗುಂಪಿನ ಆಳ್ವಿಕೆಯಾಗುತ್ತದೆ, ಹಿಂದೂ ಬದುಕಿನ ಕ್ರಮಕ್ಕೇ ವಿರುದ್ಧ. ಹೆಂಗಸರಿಗಂತೂ ಬೇಡವೇ ಬೇಡ. ಹುಡುಗಿಯರಿಗೆಂದು ಕಾಲೇಜು ಕಟ್ಟಿ ಆಗಲೇ ಹದಿನಾಲ್ಕು ವರ್ಷವಾಗಿತ್ತು! ಈ ಎರಡನ್ನೂ ಕೂಡಿಸಲಾಗದೆ ಅವರ ಜೀವನಚರಿತ್ರೆ ಬರೆದವರು ಒಂದನ್ನು ಹಿಗ್ಗಿಸಿ ಇನ್ನೊಂದನ್ನು ಕುಗ್ಗಿಸುತ್ತಾರೆ. ನನಗೇನೋ ಇಲ್ಲಿ ಒಗಟೇ ಕಾಣುವುದಿಲ್ಲ. ಅವರ ಶಾಲೆ ಇದ್ದದ್ದು ಒಳ್ಳೆಯ ಶೈವ ಮನೆಗೆ ಒಳ್ಳೆಯ ಗೃಹಿಣಿಯನ್ನು ಕೊಡಲು. ಮನೆಯ ಕ್ರಮ ಕೆಡದಿರಲೆಂದೇ ಶಾಲೆ, ಊರಿನ ಕ್ರಮ ಕೆಡದಿರಲೆಂದೇ ಓಟಿಗೆ ವಿರೋಧ. ಕಲಿತ ಹುಡುಗಿ ಕಲಿತದ್ದನ್ನು ಇಟ್ಟುಕೊಂಡು ಏನು ಮಾಡುತ್ತಾಳೆ ಎಂಬುದು ಮಾತ್ರ ಶಾಲೆ ಕಟ್ಟಿಸಿದವನ ಕೈಯಲ್ಲಿ ಇರುವುದಿಲ್ಲ.

ಅವರ ವಿರೋಧಕ್ಕೆ ಇನ್ನೊಂದು ಮುಖವೂ ಇತ್ತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಡೊನೊಮೋರ್ ಆಯೋಗ ಕೋಮುವಾರು ಸ್ಥಾನಗಳನ್ನು ರದ್ದು ಮಾಡಿತು. ತಲೆ ಎಣಿಸಿ ಆಳುವುದಾದರೆ ಸಂಖ್ಯೆಯಲ್ಲಿ ಕಡಿಮೆ ಇರುವ ತಮಿಳರು ಮುಳುಗಿದಂತೆಯೇ ಎಂಬ ಭಯ. 1936ರಲ್ಲಿ ಮಂತ್ರಿಮಂಡಲ ಪೂರ್ತಿ ಸಿಂಹಳೀಯರದೇ ಆದಾಗ ಆ ಭಯ ಬರೀ ಕಲ್ಪನೆಯಲ್ಲ ಎಂದು ಗೊತ್ತಾಯಿತು.

ಡೊನೊಮೋರ್ ಆಯೋಗ ಬಂದ ಹೊತ್ತಿಗೆ ಜಾಫ್ನಾದ ಶಾಲೆಗಳಲ್ಲಿ ಕೆಳಜಾತಿಯ ಮಕ್ಕಳು ಕೂರುತ್ತಿದ್ದದ್ದು ನೆಲದ ಮೇಲೆ. ಬೆಂಚು ಇದ್ದರೂ ಅವರಿಗಲ್ಲ. ಎಲ್ಲ ಮಕ್ಕಳಿಗೂ ಸಮನಾದ ಆಸನ ಕೊಡಿ ಎಂಬ ಸರ್ಕಾರಿ ಆಜ್ಞೆ 1920ರ ದಶಕದ ಕೊನೆಯಲ್ಲಿ ಹೊರಟಾಗ ಶೈವ ಮೇಲ್ಜಾತಿಗಳಿಂದ ಪ್ರತಿಭಟನೆ ಎದ್ದಿತು. ಕೆಲವು ಶಾಲೆಗಳಿಗೆ ಬೆಂಕಿಯೂ ಬಿತ್ತು. ಒಂದು ಬೆಂಚಿಗೆ!

ಹೊಸ ಸಂವಿಧಾನ 1929ರ ಡಿಸೆಂಬರಿನಲ್ಲಿ ಶಾಸನಸಭೆಯಲ್ಲಿ ಮತಕ್ಕೆ ಬಂತು. 19 ಪರ, 17 ವಿರುದ್ಧ. ಎರಡೇ ಎರಡು ಮತಗಳ ಅಂತರದಲ್ಲಿ ದ್ವೀಪದ ಇಪ್ಪತ್ತೊಂದು ತುಂಬಿದ ಗಂಡು ಹೆಣ್ಣು ಎಲ್ಲರಿಗೂ ಓಟಿನ ಹಾದಿ ತೆರೆಯಿತು. ಬ್ರಿಟನ್ನಿನ ಹೆಂಗಸರಿಗೇ ಗಂಡಸರ ಸಮನಾಗಿ ಮತ ಸಿಕ್ಕಿ ಆಗಿನ್ನೂ ಒಂದೂವರೆ ವರ್ಷ. ನಮಗೆ ಅದು ಸಿಕ್ಕಿದ್ದು ಗಣರಾಜ್ಯವಾದ ಮೇಲೆ. ರಾಮನಾಥನ್ ಸೋಲೊಪ್ಪಲಿಲ್ಲ. 1930ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಮತ್ತೆ ಲಂಡನ್ನಿಗೆ ಹೋಗಿ ಮನವಿಪತ್ರ ಅಚ್ಚು ಹಾಕಿಸಿದರು. ಈ ಸಲ ಬಾಗಿಲು ತೆರೆಯಲಿಲ್ಲ. ಅದೇ ನವೆಂಬರಿನಲ್ಲಿ ತೀರಿಕೊಂಡರು. ಅವರು ಬೇಡವೆಂದ ಚುನಾವಣೆ ನಡೆದದ್ದು ಏಳು ತಿಂಗಳ ನಂತರ, 1931ರ ಜೂನಿನಲ್ಲಿ.

ಆ ಚುನಾವಣೆಯಲ್ಲಿ ಜಾಫ್ನಾ ಮತ ಹಾಕಲೇ ಇಲ್ಲ, ಇದು ಗೊತ್ತೇ? ಉತ್ತರದ ನಾಲ್ಕು ಕ್ಷೇತ್ರಗಳಲ್ಲಿ ಒಬ್ಬನೂ ನಾಮಪತ್ರ ಸಲ್ಲಿಸಲಿಲ್ಲ. ರಾಮನಾಥನ್ ಪ್ರಭಾವ ಎನ್ನಬೇಡಿ, ಕಾರಣ ತದ್ವಿರುದ್ಧ. ಗಾಂಧಿಯನ್ನು ಕರೆಸಿದ್ದ ಜಾಫ್ನಾ ಯೂತ್ ಕಾಂಗ್ರೆಸ್ಸಿನ ಹುಡುಗರಿಗೆ ಡೊನೊಮೋರ್ ಕೊಟ್ಟದ್ದು ಸಾಲದು, ಪೂರ್ಣ ಸ್ವರಾಜ್ಯವೇ ಬೇಕು. ಶಾಲೆಯಲ್ಲಿ ಸಮಾನ ಬೆಂಚು ಬೇಕೆಂದು ನಿಂತವರೂ ಅವರೇ. ಮುದುಕರಿಗೆ ಅತಿಯಾಯಿತು, ಹುಡುಗರಿಗೆ ಕಮ್ಮಿಯಾಯಿತು, ಪೆಟ್ಟಿಗೆ ಖಾಲಿ ಉಳಿಯಿತು. ಬಹಿಷ್ಕಾರಕ್ಕೆ ಕಿಡಿ ಹಚ್ಚಿದ 1931ರ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1926ರಲ್ಲೇ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೂದಲೆಳೆಯಲ್ಲಿ ಸೋತಿದ್ದವರು. ಓಟು ಕೇಳಿದ ಹೆಂಗಸು ಬಂದು ಜಾಫ್ನಾದವರಿಗೆ ಹೋರಾಟದ ಹುರುಪು ತುಂಬಿದ್ದನ್ನು ನೋಡಲು ರಾಮನಾಥನ್ ಇರಲಿಲ್ಲ.

ಕಡೆಯದಾಗಿ ಒಂದು. ಹೆಂಗಸರಿಗೂ ಮತ ಬೇಕು ಎಂದು 1927ರಲ್ಲಿ ಕೊಲಂಬೊದ ಮಹಿಳೆಯರು ಕಟ್ಟಿದ ಸಂಘದಲ್ಲಿ ನೇಸಂ ಸರವಣಮುತ್ತು ಎಂಬ ತಮಿಳು ಮಹಿಳೆಯೂ ಇದ್ದರು. 1932ರ ಮೇ ತಿಂಗಳ ಉಪಚುನಾವಣೆಯಲ್ಲಿ ಅವರು ಕೊಲಂಬೊ ಉತ್ತರದಿಂದ ಗೆದ್ದು ಹೊಸ ಸಂವಿಧಾನದ ಶಾಸನಸಭೆಯಾದ ಸ್ಟೇಟ್ ಕೌನ್ಸಿಲ್ ಪ್ರವೇಶಿಸಿದರು. 1936ರಲ್ಲಿ ಮತ್ತೊಮ್ಮೆ ಗೆದ್ದರು.